ಹೊಟ್ಟೆಯೊಳಗಿನವರಿಗೂ ಊಟ ಬೇಕು

ಮೊದಲು ಒಂದು ಮುಜುಗರದ ಕಥೆ ಹೇಳಿಬಿಡ್ತೀನಿ. ಬೀದರ್‌ನ ನಮ್ಮ ಆಫೀಸಿನಲ್ಲಿ ತಿಂಗಳ ರಿವ್ಯೂ ಮೀಟಿಂಗ್ ನಡೀತಿತ್ತು. ಬಾಗಿಲು ಹಾಕಿದ ಎ.ಸಿ. ರೂಮು, ಎಲ್ಲರೂ ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದಾರೆ. ಆ ಹೊತ್ತಿಗೇ ನನ್ನ ಹೊಟ್ಟೆ ಗುಡುಗಲು ಶುರುವಾಯಿತು. ಒಂದು ಸಲ ಅಲ್ಲ, ನಾಲ್ಕೈದು ಸಲ. ಪಕ್ಕದಲ್ಲಿದ್ದವರು ಏನೂ ಮಾತಾಡದೆ ನೀರಿನ ಬಾಟಲಿ ನನ್ನ ಕಡೆ ಸರಿಸಿದರು. ಫೋನ್ ಬಂದವಳ ಹಾಗೆ ಎದ್ದು ಹೊರಗೆ ಹೋದೆ.

ಇದಕ್ಕೆ ಕಾರಣ ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬಿ ಪ್ರಿಬಯಾಟಿಕ್ ಫೈಬರ್ ಪುಡಿ. ದಿನಕ್ಕೆ ಒಂದು ಚಮಚ ಅಂತ ಬರೆದಿತ್ತು. ಬೇಗ ಗುಣ ಆಗಲಿ ಅಂತ ನಾನು ಮೊದಲ ದಿನವೇ ಮೂರು ಚಮಚ ಹಾಕಿಕೊಂಡಿದ್ದೆ.

ಪುಡಿ ಯಾಕೆ ಬೇಕಾಯಿತು ಅಂದರೆ, ರೂಮು ಮಾಡಿಕೊಂಡು ಇರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಇಡ್ಲಿ ಇಲ್ಲ ಪೂರಿ, ಮಧ್ಯಾಹ್ನ ಮೆಸ್ಸಿನ ಅನ್ನ ಸಾಂಬಾರು, ರಾತ್ರಿ ಆ್ಯಪ್‌ನಲ್ಲಿ ಬಂದದ್ದು. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಅದೇ ದೊಡ್ಡದು. ಕೊನೆಗೆ ನೋವು ತಡೆಯಲಾಗದೆ ಡಾಕ್ಟರ್ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, "ದೊಡ್ಡ ತೊಂದರೆ ಏನಿಲ್ಲ. ಆದರೆ ಹೀಗೇ ಮುಂದುವರಿದರೆ ಮೂಲವ್ಯಾಧಿ ಆಗುತ್ತೆ. ಊಟದಲ್ಲಿ ನಾರು ಎಲ್ಲಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಡಬ್ಬಿ ತರಿಸಿದ್ದು.

ಮೀಟಿಂಗಿನ ಅವಮಾನ ಆದಮೇಲೆ ಡಬ್ಬಿಯ ಹಿಂದೆ ಬರೆದದ್ದನ್ನು ಸರಿಯಾಗಿ ಓದಿದೆ. ಒಳಗಿದ್ದದ್ದು ಇನುಲಿನ್, ಚಿಕೋರಿ ಬೇರಿನಿಂದ ತೆಗೆದ ನಾರು. ಹೌದು, ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ.

ಇದು ನಮ್ಮ ಊಟ ಅಲ್ಲ

ಇನುಲಿನ್‌ನಂಥ ನಾರನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಅದು ಸಣ್ಣ ಕರುಳನ್ನು ಹಾಗೇ ದಾಟಿ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ಕಾದು ಕೂತಿರುತ್ತವೆ. ನಮಗೆ ಜೀರ್ಣವಾಗದ್ದೇ ಅವುಗಳ ಊಟ. 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಇಂಥ ಆಹಾರಕ್ಕೆ 'ಪ್ರಿಬಯಾಟಿಕ್' ಅಂತ ಹೆಸರಿಟ್ಟರು. ಮೊಸರಿನಂಥದ್ದರಲ್ಲಿ ಇರೋದು ಜೀವಂತ ಬ್ಯಾಕ್ಟೀರಿಯಾ. ಪ್ರಿಬಯಾಟಿಕ್ ಅಂದರೆ ಈಗಾಗಲೇ ಒಳಗಿರುವ ಬ್ಯಾಕ್ಟೀರಿಯಾಗಳಿಗೆ ನಾವು ಕಳಿಸುವ ಬುತ್ತಿ.

ಬುತ್ತಿ ತಿಂದು ಅವು ಸುಮ್ಮನೆ ಕೂರೋದಿಲ್ಲ. ಬಿಫಿಡೋ ಅನ್ನುವ ಗುಂಪಿನ ಬ್ಯಾಕ್ಟೀರಿಯಾ ಇನುಲಿನ್ ತಿಂದು ಹೆಚ್ಚಾಗುತ್ತವೆ, ಅಸಿಟೇಟ್ ಮತ್ತು ಲ್ಯಾಕ್ಟೇಟ್ ಹೊರಬಿಡುತ್ತವೆ. ಅದನ್ನು ಇನ್ನೊಂದು ಗುಂಪು ತಿಂದು ಬ್ಯುಟಿರೇಟ್ ಮಾಡುತ್ತದೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಈ ಬ್ಯುಟಿರೇಟೇ ಮುಖ್ಯ ಇಂಧನ. ಅಂದರೆ ನಾವು ಅವಕ್ಕೆ ಉಣಿಸಿದರೆ ಅವು ನಮ್ಮ ಕರುಳಿಗೆ ಉಣಿಸುತ್ತವೆ. ಈ ಕೆಲಸದಲ್ಲಿ ಗ್ಯಾಸೂ ಹುಟ್ಟುತ್ತದೆ. ವರ್ಷಗಟ್ಟಲೆ ಉಪವಾಸ ಇದ್ದವರ ಮುಂದೆ ಒಮ್ಮೆಲೇ ಮದುವೆ ಊಟ ಬಡಿಸಿದರೆ ಏನಾಗುತ್ತೋ ಅದೇ ನನಗೆ ಮೀಟಿಂಗಿನಲ್ಲಿ ಆಗಿದ್ದು.

ಭಾಲ್ಕಿಯಲ್ಲಿ

ಆ ಶನಿವಾರ ಭಾಲ್ಕಿಗೆ, ಅಕ್ಕನ ಮನೆಗೆ ಹೋದೆ. ಡಬ್ಬಿ ಬ್ಯಾಗಿನಲ್ಲೇ ಇತ್ತು. ಅಕ್ಕ ತೆಗೆದು ಮೂಸಿ ನೋಡಿ, "ಇದ್ರಾಗ ಏನದಾ?" ಅಂದಳು. ಇದೇ ಜಾತಿಯ ನಾರು ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಇರ್ತದೆ ಅಂದೆ. "ಅಷ್ಟೇ ಏನು? ಹಂಗಾದ್ರ ಇಷ್ಟು ರೊಕ್ಕ ಯಾಕ್ ಕೊಟ್ಟಿ?" ಅಂತ ನಕ್ಕಳು.

ಆದರೆ ಅವಳ ಅಡುಗೆಮನೆಯೂ ಬದಲಾಗಿದೆ. ಮಗಳಿಗೆ ಆರು ವರ್ಷ, ಜೋಳದ ರೊಟ್ಟಿ ಕಂಡರೆ ತಟ್ಟೆ ದೂಡುತ್ತಾಳೆ. ಹಾಗಾಗಿ ದಿನಾ ಅನ್ನ, ಇಲ್ಲ ಮೈದಾ ಬೆರೆಸಿದ ಮೆತ್ತನೆಯ ಚಪಾತಿ. ಆ ಮಗುವಿಗೂ ನನ್ನದೇ ತೊಂದರೆ. ಟಾಯ್ಲೆಟ್ಟಿಗೆ ಹೋಗು ಅಂದರೆ ಅಳುತ್ತಾಳೆ. ನನ್ನ ಹೊಟ್ಟೆಯ ವಿಷಯ ನಗುವಿನದ್ದಾಗಿತ್ತು. ಅವಳ ಅಳು ಕೇಳಿದ ಮೇಲೆ ನಗು ಬರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಪಟ್ಟಿಯೊಂದನ್ನು ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ. ಜೋಳದಲ್ಲಿ 10. ತೊಗರಿಬೇಳೆಯಲ್ಲಿ 9, ಸಿಪ್ಪೆ ಸಮೇತದ ಇಡೀ ತೊಗರಿಯಲ್ಲಿ ಹತ್ತಿರ ಹತ್ತಿರ 23. ದೊಡ್ಡವರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕು, ಅದೂ ಪುಡಿಯಿಂದಲ್ಲ, ಆಹಾರದಲ್ಲೇ ಇರುವ ನಾರು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಎಲ್ಲಾ ನಾರೂ ಪ್ರಿಬಯಾಟಿಕ್ ಅಲ್ಲ, ನಿಜ. ಆದರೆ ಬೇಳೆಕಾಳುಗಳಲ್ಲಿ ರ್‍ಯಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವೂ ನಮಗೆ ಜೀರ್ಣವಾಗದೆ ನೇರ ಬ್ಯಾಕ್ಟೀರಿಯಾಗಳಿಗೇ ಹೋಗುತ್ತವೆ. ತೊಗರಿ, ಕಡಲೆ, ಹೆಸರು ಬೆಳೆಯುವ ಜಿಲ್ಲೆಯವಳು ನಾನು, ಅದನ್ನು ಡಬ್ಬಿಯಲ್ಲಿ ಹುಡುಕುತ್ತಿದ್ದೆ.

ಔರಾದಿನಲ್ಲಿ

ಭಾನುವಾರ ಔರಾದಿಗೆ ಹೋದೆ. ಆಯಿ "ನಮ್ಮ ಕಾಲದಾಗ ಹಿಂಗ್ ಇರ್ಲಿಲ್ಲ" ಅಂತ ಪಾಠ ಮಾಡ್ತಾಳೆ ಅಂದುಕೊಂಡಿದ್ದೆ. ಆಯಿ ಹೇಳಿದ್ದೇ ಬೇರೆ. "ಕಾಳು ತಿಂದ್ರ ನನಗೂ ಹೊಟ್ಟಿ ಉಬ್ಬತದ ಬಾಯಿ. ಈಗ ಮೆತ್ತನ್ನ ಅನ್ನಾನೇ ಉಣ್ತೀನಿ." ಅಕ್ಕಿ ರೇಷನ್ನಿನಲ್ಲಿ ಬರ್ತದೆ. ಹೊಲದಲ್ಲಿ ಜೋಳ ಇದ್ದ ಕಡೆ ಈಗ ಸೋಯಾ, ಅದು ಮಾರಾಟಕ್ಕೆ. ಬೀದರ್‌ನಲ್ಲಿ ನಾನು, ಭಾಲ್ಕಿಯಲ್ಲಿ ಅಕ್ಕ, ಔರಾದಿನಲ್ಲಿ ಆಯಿ, ಮೂವರ ತಟ್ಟೆಯೂ ಬೆಳ್ಳಗಾಗಿಬಿಟ್ಟಿದೆ.

2016ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ತಲೆಮಾರಿನಿಂದ ತಲೆಮಾರಿಗೆ ನಾರಿಲ್ಲದ ಊಟ ಕೊಡುತ್ತಾ ಹೋದಂತೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಕಾಣೆಯಾದವು. ನಾಲ್ಕನೇ ತಲೆಮಾರಿಗೆ ಮತ್ತೆ ನಾರು ಕೊಟ್ಟರೂ ಅವು ತಿರುಗಿ ಬರಲಿಲ್ಲ. ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗಬೇಕೆಂದಿಲ್ಲ. ಆದರೂ ಅದನ್ನು ಓದಿದಾಗ ನನಗೆ ನೆನಪಾದದ್ದು ತಟ್ಟೆ ದೂಡುವ ಆ ಆರು ವರ್ಷದ ಹುಡುಗಿ.

ಧೈರ್ಯ ಕೊಡುವ ಸುದ್ದಿಯೂ ಇದೆ. 2015ರ ಒಂದು ಅಧ್ಯಯನದಲ್ಲಿ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ ಎರಡು ವಾರ ಊಟ ಅದಲುಬದಲು ಮಾಡಿಕೊಂಡರು. ನಾರು ಹೆಚ್ಚಾದ ಅಮೆರಿಕನ್ನರ ಕರುಳಿನಲ್ಲಿ ಎರಡೇ ವಾರಕ್ಕೆ ಬ್ಯುಟಿರೇಟ್ ಏರಿತು. ಬರ್ಗರ್ ಕಡೆ ಹೋದ ಹಳ್ಳಿಯವರಲ್ಲಿ ಇಳಿಯಿತು. ಕೆಡೋದೂ ಬೇಗ, ಸರಿಹೋಗೋದೂ ಬೇಗ.

ಈಗ ಏನು ಮಾಡ್ತಿದೀನಿ

ಪುಡಿ ಎಸೆದಿಲ್ಲ, ಅರ್ಧ ಚಮಚಕ್ಕೆ ಇಳಿಸಿದೆ. ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ಮೊದಲ ವಾರ ರಾತ್ರಿ ಒಂದು ಜೋಳದ ರೊಟ್ಟಿ. ನಾನು ಬಡಿಯೋದಿಲ್ಲ, ಓಣಿಯಲ್ಲಿ ರೊಟ್ಟಿ ಮಾರುವ ಅಕ್ಕ ಇದ್ದಾರೆ. ಜೊತೆಗೆ ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ಎರಡನೇ ವಾರದಿಂದ ಒಂದು ಹಿಡಿ ಹೆಸರುಕಾಳು. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಿದರೆ ಗ್ಯಾಸ್ ಮಾಡುವ ಸಕ್ಕರೆ ಸ್ವಲ್ಪ ಕಮ್ಮಿಯಾಗುತ್ತದೆ. ನೀರು ಜಾಸ್ತಿ ಕುಡೀತೀನಿ. ನೀರಿಲ್ಲದೆ ಬರೀ ನಾರು ತಿಂದರೆ ಹೊಟ್ಟೆ ಇನ್ನೂ ಕಟ್ಟುತ್ತದೆ. ಒಂದೇ ಕಾಳು ದಿನಾ ಬೇಡ, ಬದಲಿಸ್ತಾ ಇರಿ. ಎಳ್ಳಮಾಸಿ ದಿನ ನಮ್ಮ ಕಡೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯಲ್ಲಿ ಎಷ್ಟು ಥರದ ಹಸಿಕಾಳು, ಎಷ್ಟು ಥರದ ಸೊಪ್ಪು ಇರ್ತದೆ ನೆನಪು ಮಾಡಿಕೊಳ್ಳಿ. ಒಂದೊಂದು ಬ್ಯಾಕ್ಟೀರಿಯಾಗೆ ಒಂದೊಂದು ನಾರು ಇಷ್ಟ. ಪಂಗ್ತಿಯಲ್ಲಿ ಎಲ್ಲರಿಗೂ ಬಡಿಸಬೇಕಲ್ಲ?

ಒಂದು ಎಚ್ಚರಿಕೆ. ಐಬಿಎಸ್ ಇರುವವರಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾಳುಗಳೇ ನೋವು ಹೆಚ್ಚಿಸಬಹುದು. ಅವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮಲದಲ್ಲಿ ರಕ್ತ, ಸುಮ್ಮನೆ ತೂಕ ಇಳಿಯೋದು, ಹೋಗದ ನೋವು, ಇಂಥವಕ್ಕೆ ರೊಟ್ಟಿ ಮದ್ದಲ್ಲ. ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಆರು ವಾರ ಆಯಿತು. ಪವಾಡ ಏನೂ ಆಗಿಲ್ಲ. ಬೆಳಿಗ್ಗೆ ಮಾತ್ರ ಯುದ್ಧ ಇಲ್ಲ, ಮೀಟಿಂಗಿನಲ್ಲಿ ಗುಡುಗಿಲ್ಲ. ಆಯಿಗೆ ಕಾಳಿನ ಬದಲು ತೆಳ್ಳಗೆ ಜೋಳದ ಅಂಬಲಿ ಮಾಡಿಕೊಡು ಅಂತ ಅವ್ವನಿಗೆ ಹೇಳಿದೀನಿ, ಅದು ಒಗ್ಗಿದೆಯಂತೆ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ರೊಟ್ಟಿ ಮುರಿದು ಬೆಲ್ಲ, ತುಪ್ಪ ಹಾಕಿ ಮುದ್ದಿ ಕಟ್ಟಿ ಕೊಟ್ಟಳಂತೆ. "ಅರ್ಧ ರೊಟ್ಟಿ ತಿಂದಾಳ ನೋಡು," ಅಂದಳು. ಅರ್ಧ ರೊಟ್ಟಿ ಸಾಕು ಅಕ್ಕ, ಶುರುವಿಗೆ ಅಷ್ಟೇ ಬೇಕು ಅಂದೆ.

ನಿಮ್ಮ ಇವತ್ತಿನ ತಟ್ಟೆಯಲ್ಲಿ ಒಳಗಿನವರ ಪಾಲು ಎಷ್ಟಿತ್ತು?