ದೊರೆಯೂ ಪರದೇಶಿಯೂ

ಇಂಗ್ಲೀಷು ಭಾಷೆಯಲ್ಲಿ 'ಎಕ್ಸ್‌ಪ್ಯಾಟ್ರಿಯೇಟ್' ಎಂಬುದೊಂದು ಮಾತು, 'ಇಮಿಗ್ರಂಟ್' ಎಂಬುದು ಇನ್ನೊಂದು ಮಾತು. ಲ್ಯಾಟಿನ್ ಮೂಲವನ್ನು ವಿಚಾರಿಸಿದರೆ ಮೊದಲನೆಯದಕ್ಕೆ ಪಿತೃಭೂಮಿಯಿಂದ ಹೊರಗಾದವನೆಂದೂ, ಎರಡನೆಯದಕ್ಕೆ ಬೇರೊಂದು ನೆಲದೊಳಕ್ಕೆ ಬಂದು ಸೇರಿದವನೆಂದೂ ಅರ್ಥವಾಗುತ್ತದೆ. ಒಂದು ದೇಶದಿಂದ ಹೊರಟವನು ಇನ್ನೊಂದು ದೇಶವನ್ನು ಹೊಗಲೇ ಬೇಕಷ್ಟೆ. ಆದುದರಿಂದ ಒಬ್ಬನೇ ಮನುಷ್ಯನಿಗೆ, ಹೊರಟ ಬಾಗಿಲಲ್ಲಿ ನಿಂತು ನೋಡುವವರು ಒಂದು ಹೆಸರನ್ನೂ, ಹೊಕ್ಕ ಬಾಗಿಲಲ್ಲಿ ನಿಂತು ನೋಡುವವರು ಮತ್ತೊಂದು ಹೆಸರನ್ನೂ ಕೊಡತಕ್ಕದ್ದು ನ್ಯಾಯ. ಲೋಕರೂಢಿಯಾದರೋ ಹಾಗಿಲ್ಲ. ಮೊದಲನೆಯ ಹೆಸರು ಮರ್ಯಾದೆಯದಾಯಿತು, ಎರಡನೆಯದು ಅನುಮಾನದ್ದಾಯಿತು.

ಈ ಭೇದವು ಕನ್ನಡದೊಳಕ್ಕೂ ಇಳಿದು ಬಂದಿದೆ. ಹೊರದೇಶದ ಕಂಪೆನಿಯಿಂದ ಬೆಂಗಳೂರಿಗೆ ಬಂದ ಅಧಿಕಾರಿಯು 'ಎಕ್ಸ್‌ಪ್ಯಾಟ್'. ಅವನ ಕಚೇರಿಯ ಗೋಡೆಗೆ ಇಟ್ಟಿಗೆ ಹೊತ್ತ ಬಿಹಾರದವನು 'ವಲಸೆ ಕಾರ್ಮಿಕ'. ಅಮೆರಿಕದಲ್ಲಿ ಮನೆ ಕಟ್ಟಿದ ಕನ್ನಡಿಗನು 'ಅನಿವಾಸಿ ಭಾರತೀಯ'. ರಾಯಚೂರಿನ ಸೀಮೆಯಿಂದ ಮಳೆ ಕೈಕೊಟ್ಟಾಗ ಕೂಲಿಯನ್ನರಸಿ ಬಂದವನು 'ಗುಳೆ ಬಂದವನು'. ನಾಲ್ವರೂ ಮಾಡಿದ ಕೆಲಸ ಒಂದೇ: ಹೊಟ್ಟೆಯ ಪಾಡಿಗಾಗಿಯೋ ಏಳಿಗೆಗಾಗಿಯೋ ಹುಟ್ಟಿದೂರನ್ನು ಬಿಟ್ಟರು. ನಾಲ್ವರಿಗೂ ನಾಲ್ಕು ಹೆಸರುಗಳೇಕೆ?

ಭೇದವನ್ನು ಸಮರ್ಥಿಸುವ ಮಹಾಶಯರು ಮೂರು ಕಾರಣಗಳನ್ನು ಹೇಳುವುದುಂಟು. ಅವುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಮೊದಲನೆಯದು ಕಾಲದ ಕಾರಣ. 'ಎಕ್ಸ್‌ಪ್ಯಾಟ್' ಆದವನು ಕೆಲವು ವರ್ಷ ಇದ್ದು ಹಿಂದಿರುಗುವನು, 'ಇಮಿಗ್ರಂಟ್' ಆದವನು ಬೇರೂರುವನು ಎನ್ನುವರು. ಸ್ಪೇನ್ ದೇಶದ ಕರಾವಳಿಯಲ್ಲಿ ಮನೆಗಳನ್ನು ಕೊಂಡು, ವೃದ್ಧಾಪ್ಯವನ್ನು ಅಲ್ಲಿಯೇ ಕಳೆದು, ಅಲ್ಲಿಯ ಮಣ್ಣಿನಲ್ಲಿಯೇ ಮಣ್ಣಾಗುವ ಆಂಗ್ಲರಿದ್ದಾರೆ. ಅವರು ಕೊನೆಯುಸಿರಿನವರೆಗೂ 'ಎಕ್ಸ್‌ಪ್ಯಾಟ್'ಗಳೇ. ಕೊಲ್ಲಿಯ ದೇಶಗಳಿಗೆ ಹೋದ ಮೇಸ್ತ್ರಿಗಾದರೋ ಅಲ್ಲಿ ಬೇರೂರುವ ದಾರಿಯೇ ಇಲ್ಲ. ಇಪ್ಪತ್ತು ವರ್ಷ ದುಡಿದರೂ ಅವನಿಗೆ ಪೌರತ್ವ ದೊರೆಯದು. ಕರಾರು ತೀರಿದೊಡನೆ ಗಂಟು ಕಟ್ಟತಕ್ಕದ್ದೇ. ಆದರೂ ಅವನೇ ವಲಸೆಗಾರ. 1998ರಲ್ಲಿ ವಿಶ್ವಸಂಸ್ಥೆಯು ವಲಸೆಯ ಅಂಕಿಅಂಶಗಳಿಗಾಗಿ ಮಾಡಿದ ಶಿಫಾರಸಿನಂತೆ, ವಾಸದ ದೇಶವನ್ನು 12 ತಿಂಗಳಿಗಾದರೂ ಬದಲಿಸಿದವನು ದೀರ್ಘಾವಧಿಯ ವಲಸೆಗಾರ. ಆ ಅಳತೆಗೋಲಿಗೆ ಅಧಿಕಾರಿಯೂ ಒಂದೇ, ಆಳೂ ಒಂದೇ.

ಎರಡನೆಯದು ವಿದ್ಯೆಯ ಕಾರಣ. ಕುಶಲನು 'ಎಕ್ಸ್‌ಪ್ಯಾಟ್', ಅಕುಶಲನು 'ಇಮಿಗ್ರಂಟ್' ಎನ್ನುವರು. ಹಾಗಿದ್ದರೆ ಅಮೆರಿಕಕ್ಕೆ ಎಚ್-1ಬಿ ರಹದಾರಿಯ ಮೇಲೆ ಹೋದ ಭಾರತದ ಎಂಜಿನಿಯರು ಯಾರು? 1990ರ ಕಾಯಿದೆಯಿಂದ ಹುಟ್ಟಿದ ಆ ರಹದಾರಿಯು ವಿಶೇಷ ವಿದ್ಯೆಯುಳ್ಳವರಿಗೆಂದೇ ಮೀಸಲಾದುದು. ಅದನ್ನು ಪಡೆದವನನ್ನು ಆ ದೇಶದ ಕಾನೂನೇ 'ಇಮಿಗ್ರಂಟ್ ಅಲ್ಲದವನು' ಎಂಬ ವರ್ಗದಲ್ಲಿಡುತ್ತದೆ. ಇಷ್ಟಾದರೂ ಅಲ್ಲಿಯ ಚುನಾವಣೆಯ ವೇದಿಕೆಗಳ ಮೇಲೆ 'ಇಮಿಗ್ರಂಟ'ರನ್ನು ಬಯ್ಯುವಾಗ ಅವನಿಗೆ ವಿನಾಯಿತಿಯಿಲ್ಲ. ಅವನ ಪದವಿಗಳು ಎಷ್ಟೇ ಇರಲಿ, ಅವನಿಗೆ 'ಎಕ್ಸ್‌ಪ್ಯಾಟ್' ಎಂಬ ಬಿರುದು ಬಾರದು.

ಮೂರನೆಯದು ಇಚ್ಛೆಯ ಕಾರಣ. ಒಬ್ಬನು ಮನಸ್ಸಿದ್ದು ಹೊರಡುವನು, ಇನ್ನೊಬ್ಬನು ಬಡತನವು ನೂಕಿದ್ದರಿಂದ ಹೊರಡುವನು ಎನ್ನುವರು. ಇದಕ್ಕೆ ಉತ್ತರವು ಕೋಲಾರದ ಚಿನ್ನದ ಗಣಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತಾಮ್ರ, ತವರಗಳ ಗಣಿಗಳು ಕ್ಷೀಣಿಸಿದುವು. ಅಲ್ಲಿಯ ಗಣಿಗಾರರು ಅನ್ನವನ್ನರಸಿ ಲೋಕದ ಮೂಲೆಮೂಲೆಗಳಿಗೆ ಚದರಿದರು. 1880ರಿಂದೀಚೆಗೆ ಜಾನ್ ಟೇಲರ್ ಕಂಪೆನಿಯವರು ಕೋಲಾರದಲ್ಲಿ ಕೆಲಸವನ್ನು ಹಿಡಿದಾಗ ಅವರಲ್ಲಿ ಕೆಲವರು ಇಲ್ಲಿಗೂ ಬಂದರು. ಅದೇ ಕಾಲದಲ್ಲಿ ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದ ಬಡ ಕೂಲಿಕಾರರೂ ಬಂದರು. ಇಬ್ಬರನ್ನೂ ತಂದದ್ದು ಹಸಿವು. ಇಬ್ಬರೂ ಇಳಿದದ್ದು ಒಂದೇ ಸುರಂಗಕ್ಕೆ. ಮೇಲೆ ಬಂದ ಮೇಲೆ ಒಬ್ಬನಿಗೆ ಬಂಗಲೆ ಮತ್ತು ಕ್ಲಬ್ಬು, ಇನ್ನೊಬ್ಬನಿಗೆ ತಟ್ಟಿಯ ಗುಡಿಸಲು. ಕನ್ನಡನಾಡಿನ ಜನರು ಒಬ್ಬನನ್ನು 'ದೊರೆ' ಎಂದರು, ಇನ್ನೊಬ್ಬನನ್ನು 'ಕೂಲಿ' ಎಂದರು. ಕಾರ್ನ್‌ವಾಲಿನಲ್ಲಿ ಯಾರೂ ದೊರೆಯೆನ್ನದವನು ಕೋಲಾರದಲ್ಲಿ ಇಳಿದೊಡನೆ ದೊರೆಯಾದನು!

ಈ ಮೂರು ಕಾರಣಗಳನ್ನೂ ಒಮ್ಮೆಗೇ ಪರೀಕ್ಷೆಗೆ ಒಡ್ಡಿದ ಸಂಗತಿಯೊಂದುಂಟು. 1893ರಲ್ಲಿ ಮೋಹನದಾಸ ಕರಮಚಂದ ಗಾಂಧಿಯವರು ದಕ್ಷಿಣ ಆಫ್ರಿಕಕ್ಕೆ ಹೋದರು. ಒಪ್ಪಂದವು ಒಂದು ವರ್ಷದ ಅವಧಿಯದು, ಹಿಂದಿರುಗುವ ಖರ್ಚೂ ಅದರಲ್ಲಿ ಸೇರಿದ್ದಿತು. ಆದುದರಿಂದ ಕಾಲದ ಪರೀಕ್ಷೆಯಲ್ಲಿ ಅವರು ಗೆದ್ದರು. ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರರಾಗಿದ್ದರು. ವಿದ್ಯೆಯ ಪರೀಕ್ಷೆಯಲ್ಲಿಯೂ ಗೆದ್ದರು. ಒಬ್ಬ ವರ್ತಕರ ಆಹ್ವಾನವನ್ನು ಒಪ್ಪಿ ಹೋಗಿದ್ದರು; ಇಚ್ಛೆಯ ಪರೀಕ್ಷೆಯಲ್ಲಿಯೂ ಗೆದ್ದರು. ಆದರೆ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ಮೊದಲನೆಯ ದರ್ಜೆಯ ಟಿಕೆಟ್ಟನ್ನು ಹಿಡಿದಿದ್ದ ಅವರನ್ನು ಗಾಡಿಯಿಂದ ಹೊರದೂಡಿದರು. ಅಲ್ಲಿಯ ಬಿಳಿಯರ ಬಾಯಲ್ಲಿ ಅವರು 'ಕೂಲಿ ಬ್ಯಾರಿಸ್ಟರ್' ಆದರು. ಕಾಲ, ವಿದ್ಯೆ, ಇಚ್ಛೆ ಎಂಬ ಮೂರೂ ತೋರಿಕೆಯ ಕಾರಣಗಳು. ನಿಜವಾದ ಕಾರಣಗಳು ಮೈಯ ಬಣ್ಣ, ಕೈಯ ಹಣ, ಬಿಟ್ಟುಬಂದ ದೇಶದ ಬಲ.

'ಹೆಸರಿನಲ್ಲೇನಿದೆ, ಹೆಸರು ಬದಲಿಸಿದರೆ ಕೂಲಿ ಹೆಚ್ಚೀತೆ?' ಎಂದು ಕೆಲವರು ಕೇಳಬಹುದು. ಹೆಚ್ಚಲಾರದು ನಿಜ. ಆದರೆ ಹೆಸರಿನ ಹಿಂದೆ ಬಾಳಿನ ವ್ಯವಸ್ಥೆಯೇ ನಿಂತಿದೆ. ಕತಾರ್ ದೇಶವು 2010ರಲ್ಲಿ ಒಂದು ಕಾನೂನನ್ನು ಮಾಡಿ, ಸಂಸಾರಗಳು ವಾಸಿಸುವ ಬಡಾವಣೆಗಳಲ್ಲಿ ಕೂಲಿಕಾರರ ಬಿಡಾರಗಳು ಇರಕೂಡದೆಂದು ವಿಧಿಸಿತು. ಆ ಬಡಾವಣೆಗಳ ಮನೆಗಳನ್ನು ಕಟ್ಟಿದವರು ಅದೇ ಕೂಲಿಕಾರರು! ಅನೇಕ ಕೊಲ್ಲಿ ದೇಶಗಳಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಇಂತಿಷ್ಟು ಸಂಬಳವಿರಬೇಕೆಂಬ ನಿಯಮವುಂಟು. ಹೀಗೆ ಸಂಸಾರವೆಂಬುದು 'ಎಕ್ಸ್‌ಪ್ಯಾಟ್'ನ ಹಕ್ಕು, ವಿರಹವೆಂಬುದು ಕೂಲಿಯ ಪಾಲು. ಉಡುಪಿ, ಮಂಗಳೂರು, ಭಟ್ಕಳಗಳ ಎಷ್ಟೋ ಮನೆಗಳಲ್ಲಿ ತಂದೆಯನ್ನು ಎರಡು ವರ್ಷಕ್ಕೊಮ್ಮೆ ಕಾಣುವ ಮಕ್ಕಳು ಬೆಳೆದರು. ಆ ಲೆಕ್ಕವನ್ನು ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಬರೆದಿಲ್ಲ.

ಪರರನ್ನು ದೂರಿದರೆ ಸಾಲದು. 1983ರ ವಲಸೆ ಕಾಯಿದೆಯು ಹತ್ತನೆಯ ತರಗತಿಯನ್ನು ಮುಗಿಸದವರು ಕೆಲವು ದೇಶಗಳಿಗೆ ದುಡಿಮೆಗೆ ಹೋಗುವ ಮುನ್ನ ಸರ್ಕಾರದ ಅನುಮತಿಯನ್ನು ಪಡೆಯಬೇಕೆಂಬ ವ್ಯವಸ್ಥೆಗೆ ದಾರಿಮಾಡಿತು. ದಳ್ಳಾಳಿಗಳ ವಂಚನೆಯಿಂದ ಅವರನ್ನು ಕಾಯುವುದೇ ಅದರ ಉದ್ದೇಶ, ಉದ್ದೇಶವು ಒಳ್ಳೆಯದೇ. ಆದರೆ 2018ರ ಜನವರಿಯಲ್ಲಿ, ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆಯ ಬಣ್ಣದ ಹೊದಿಕೆಯನ್ನು ಹಾಕುವುದಾಗಿ ಕೇಂದ್ರ ಸರ್ಕಾರವು ಪ್ರಕಟಿಸಿತು. ಲೋಕದ ಪ್ರತಿಯೊಂದು ವಿಮಾನನಿಲ್ದಾಣದಲ್ಲಿಯೂ 'ಇವನು ಓದದವನು, ಬಡವನು' ಎಂದು ಸಾರುವ ಡಂಗುರ ಅದು. ವಿರೋಧವೆದ್ದುದರಿಂದ ಆ ತಿಂಗಳು ಮುಗಿಯುವುದರೊಳಗೇ ಅದನ್ನು ಕೈಬಿಟ್ಟರು. ರಕ್ಷಣೆಯು ಬೇರೆ, ಮುದ್ರೆಯೊತ್ತುವುದು ಬೇರೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಬಣ್ಣಕ್ಕೆ ಅಷ್ಟು ನೋವುಂಟುಮಾಡುವ ಶಕ್ತಿಯಿದ್ದರೆ ಮಾತಿಗಿಲ್ಲವೆ?

2020ರ ಮೇ ತಿಂಗಳಿನ ಸಂಗತಿ ಇದಕ್ಕಿಂತಲೂ ಹತ್ತಿರದ್ದು. ಕೊರೋನಾ ಬೇನೆಯ ನಿರ್ಬಂಧದಲ್ಲಿ ಕೂಲಿ ತಪ್ಪಿದವರು ಊರಿಗೆ ಮರಳಲು ಹಾತೊರೆದರು. ಕಟ್ಟಡದ ಉದ್ಯಮಿಗಳೊಡನೆ ಸಮಾಲೋಚನೆ ನಡೆದ ಬಳಿಕ ಕರ್ನಾಟಕ ಸರ್ಕಾರವು ಅವರಿಗಾಗಿ ಗೊತ್ತುಮಾಡಿದ್ದ ರೈಲುಗಳನ್ನು ನಿಲ್ಲಿಸಿತು. ಖಂಡನೆ ಬಂದ ಮೇಲೆ ಮತ್ತೆ ಬಿಡಲು ಒಪ್ಪಿತು. ಅದೇ ವಾರ, ಮೇ 7ರಿಂದ, ವಿದೇಶಗಳಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ತರಲು ವಿಮಾನಗಳು ಹಾರತೊಡಗಿದುವು. ವಿಮಾನದಲ್ಲಿ ಬಂದವರು ಟಿಕೆಟ್ಟಿನ ಹಣ ಕೊಟ್ಟರೆಂಬುದೂ, ಅವರಲ್ಲಿ ಕೊಲ್ಲಿಯ ಕೂಲಿಕಾರರೂ ಇದ್ದರೆಂಬುದೂ ದಿಟ; ಅವರನ್ನು ಕರೆತಂದುದು ತಪ್ಪೆಂದು ಯಾರೂ ಹೇಳರು. ಆದರೆ 'ಅನಿವಾಸಿ'ಗೆ ಮನೆಗೆ ಬರುವ ಹಂಬಲವುಂಟೆಂದು ಕೂಡಲೇ ಅರ್ಥಮಾಡಿಕೊಂಡ ನಾಡು, 'ವಲಸಿಗ'ನಿಗೆ ಅದೇ ಹಂಬಲವುಂಟೆಂಬುದನ್ನು ಅರಿಯಲು ತಡಮಾಡಿತು. ಒಬ್ಬನು ಮನೆಯುಳ್ಳ ಮನುಷ್ಯ. ಇನ್ನೊಬ್ಬನು ಗಾರೆ ಕಲಸುವ ಕೈ. ಈ ಎಣಿಕೆಯನ್ನು ಕಲಿಸಿದ್ದು ಆ ಎರಡು ಹೆಸರುಗಳೇ.

ಕನ್ನಡಕ್ಕೆ ಈ ವಿಷಯದಲ್ಲಿ ಸಾಲದ ಮಾತು ಬೇಕಾಗಿಲ್ಲ. 'ಪರದೇಶಿ' ಎಂಬ ಹಳೆಯ ಮಾತಿದೆ. ಬೇರೆ ನಾಡಿನವನೆಂಬುದು ಅದರ ಮೊದಲ ಅರ್ಥ. ದಿಕ್ಕಿಲ್ಲದವನೆಂಬುದು ಬಳಕೆಯಲ್ಲಿ ಕೂಡಿಕೊಂಡ ಅರ್ಥ. ತನ್ನವರನ್ನಗಲಿದವನು ಯಾರೇ ಆಗಲಿ, ಅವನಿಗೊಂದು ದಿಕ್ಕು ಬೇಕೆಂಬ ತಿಳಿವು ಆ ಮಾತಿನಲ್ಲಿದೆ. ಆ ದಿಕ್ಕಾಗಬೇಕಾದವರು ಅವನು ಹೊಕ್ಕ ಊರಿನವರು. ದೊರೆಯೂ ಪರದೇಶಿಯೇ, ಅವನಿಗೆ ಪಲ್ಲಕ್ಕಿ ಹೊತ್ತವರು ಅದನ್ನು ಮರೆತರು. ಇನ್ನು ಮುಂದಾದರೂ ಪತ್ರಿಕೆಗಳೂ ಕಚೇರಿಗಳೂ ಊರು ಬಿಟ್ಟು ಬಂದವರೆಲ್ಲರಿಗೂ 'ವಲಸೆಗಾರ' ಎಂಬ ಒಂದೇ ಹೆಸರನ್ನು ಬಳಸಲಿ. ಅಧಿಕಾರಿಗೆ ಅದು ಅವಮಾನವೆನಿಸಿದರೆ, ಆಳಿಗೆ ಇಷ್ಟು ದಿನವೂ ಹಾಗೆಯೇ ಎನಿಸಿತೆಂಬುದನ್ನು ಅವನು ಆಗ ತಿಳಿಯುವನು.