ಕಿರಣ ಮೈ ಹೊಕ್ಕ ಮೇಲೆ ಚಿತ್ರ ತಿದ್ದಿದರೆ ಸಾಲದು

ಪಾದದ ಎಕ್ಸ್-ರೇಯಲ್ಲಿ ಹಿಂಭಾಗದ ಮೂಳೆ ಕಾಣುವಷ್ಟು ಕಿರಣ ಬಿಟ್ಟರೆ ಬೆರಳುಗಳು ಕಪ್ಪಿನಲ್ಲಿ ಮುಳುಗುತ್ತವೆ; ಬೆರಳಿಗೆ ಹೊಂದಿಸಿದರೆ ಹಿಂಭಾಗ ಬೆಳ್ಳಗೆ ಉಳಿದುಬಿಡುತ್ತದೆ. ಫಿಲ್ಮ್ ಕಾಲದವರು ಇದಕ್ಕೆ ಸರಳ ಉಪಾಯ ಕಂಡುಕೊಂಡಿದ್ದರು: ಒಂದು ಅಂಚು ದಪ್ಪ, ಇನ್ನೊಂದು ತೆಳುವಾಗಿರುವ ಅಲ್ಯೂಮಿನಿಯಂ ಬೆಣೆಯನ್ನು ಫಿಲ್ಟರ್ ಆಗಿ ಟ್ಯೂಬಿನ ಮುಂದೆ ಸಿಕ್ಕಿಸುವುದು. ಅದರ ದಪ್ಪ ಅಂಚು ದೇಹದ ತೆಳು ಭಾಗದ ಕಡೆಗಿರಬೇಕು. ಅಲ್ಲಿಗೆ ಬೇಡದ ಕಿರಣವನ್ನು ಲೋಹವೇ ಹೀರಿಕೊಂಡು, ಚಿತ್ರ ಒಂದೇ ಸಮನಾಗಿ ಮೂಡುತ್ತದೆ. ಡಿಜಿಟಲ್ ಯಂತ್ರ ಬಂದ ಮೇಲೆ ಇದು ಹಳೇ ಕಾಲದ ಸಾಮಾನು ಎಂಬ ಮಾತು ಕೇಳಿಬರುತ್ತದೆ. ಆ ಮಾತು ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಇದು: ಈಗಿನ ಡಿಟೆಕ್ಟರ್ ಫಿಲ್ಮಿಗಿಂತ ಬಹಳ ಹೆಚ್ಚಿನ ವ್ಯತ್ಯಾಸವನ್ನು ಹಿಡಿಯಬಲ್ಲದು, ಏರುಪೇರನ್ನು ಸಾಫ್ಟ್‌ವೇರ್ ಸರಿದೂಗಿಸುತ್ತದೆ. ಆದರೆ ಅಷ್ಟರಲ್ಲಿ ಕಿರಣ ದೇಹವನ್ನು ಹಾದುಹೋಗಿರುತ್ತದೆ. ತಿದ್ದುವುದು ಚಿತ್ರವನ್ನೇ ಹೊರತು ಮೈಗೆ ತಗುಲಿದ್ದನ್ನಲ್ಲ. (ಫಿಲ್ಟರನ್ನು ರೋಗಿಯ ಹಿಂದೆ, ಡಿಟೆಕ್ಟರಿನ ಮೇಲಿಟ್ಟರೂ ಇಷ್ಟೇ ಫಲ.) ಮೇಲಾಗಿ ಫಿಲ್ಮು ಕಪ್ಪಾಗಿ ತಪ್ಪನ್ನು ತೋರಿಸಿಕೊಡುತ್ತಿತ್ತು, ಡಿಜಿಟಲ್‌ನಲ್ಲಿ ಕಿರಣ ಹೆಚ್ಚಾದಷ್ಟೂ ಚಿತ್ರ ನಯವಾಗುವುದರಿಂದ ಪ್ರಮಾಣ ಸದ್ದಿಲ್ಲದೆ ಏರುತ್ತದೆ. ಬೆನ್ನುಮೂಳೆ ಓರೆಯಾಗುವ ಸ್ಕೋಲಿಯೋಸಿಸ್ ಇರುವ ಹದಿಹರೆಯದವರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಎಕ್ಸ್-ರೇ ಬೇಕಾಗುತ್ತದೆ. ದಪ್ಪನೆಯ ಸೊಂಟಕ್ಕೆ ಹೊಂದಿಸಿದ ಕಿರಣ ಅವರ ಕುತ್ತಿಗೆ, ಎದೆಗಳಿಗೆ ಅಗತ್ಯಕ್ಕಿಂತ ಹೆಚ್ಚು. 1912ರಿಂದ 1965ರ ನಡುವೆ ಸ್ಕೋಲಿಯೋಸಿಸ್ ಪತ್ತೆಯಾದ 5,573 ಸ್ತ್ರೀಯರ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರಿನಿಂದ ಸುಮಾರು 46 ಸಾವು ನಿರೀಕ್ಷಿತವಾಗಿದ್ದಲ್ಲಿ 77 ಸಂಭವಿಸಿದ್ದವು.

ಅದು ಹಳೆಯ ಯಂತ್ರಗಳ ಲೆಕ್ಕ, ಇಂದಿನ ಪ್ರಮಾಣ ತೀರಾ ಕಡಿಮೆ ಎಂಬುದನ್ನು ಒಪ್ಪಲೇಬೇಕು. ಎದೆಯ ಬದಲು ಬೆನ್ನನ್ನು ಟ್ಯೂಬಿನ ಕಡೆ ತಿರುಗಿಸಿ ನಿಲ್ಲಿಸಿದರೂ ಸ್ತನಗಳಿಗೆ ತಗುಲುವ ಕಿರಣ ಬಹಳಷ್ಟು ತಗ್ಗುತ್ತದೆ; ಅದಕ್ಕೆ ಖರ್ಚೂ ಇಲ್ಲ. ಆದರೆ ಒಂದು ಎಚ್ಚರಿಕೆ ಇದೆಯೆಂದು ಇನ್ನೊಂದನ್ನು ಬಿಡುವುದೇಕೆ? ಬೆಣೆ ವಾಲಿಕೊಂಡರೆ ಚಿತ್ರ ಕೆಟ್ಟು ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಆಗ ಉಳಿಸಿದ್ದೂ ನಷ್ಟ ಎಂಬ ಟೆಕ್ನಿಷಿಯನ್‌ಗಳ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಸಾಲುಗಟ್ಟಿದ ರೋಗಿಗಳ ನಡುವೆ ಪ್ರತಿ ಪಾದಕ್ಕೂ ಬೆಣೆ ಸಿಕ್ಕಿಸಿ ಎಂದು ಹಟ ಹಿಡಿಯುವುದು ಹುಚ್ಚುತನ. ಪಾದಕ್ಕೆ ತಗುಲುವ ಪ್ರಮಾಣ ನಗಣ್ಯ. ಬೆನ್ನುಮೂಳೆಯ, ಅದರಲ್ಲೂ ಎಳೆಯರ ಚಿತ್ರಗಳಿಗೆ ಮಾತ್ರ ಕಡ್ಡಾಯ ಮಾಡಿದರೆ ಸಾಕು. ಆಸ್ಪತ್ರೆಗಳು ಡಿಜಿಟಲ್ ಯಂತ್ರಕ್ಕೆ ಟೆಂಡರ್ ಕರೆಯುವಾಗ ಈ ಫಿಲ್ಟರ್‌ಗಳನ್ನೂ, ಅವನ್ನು ಕೂರಿಸುವ ತರಬೇತಿಯನ್ನೂ ಅದೇ ಪಟ್ಟಿಯಲ್ಲಿ ಕೇಳಲಿ.