ಒಂದು ಶಸ್ತ್ರಕ್ರಿಯೆ, ಹದಿನೆಂಟು ವರ್ಷದ ಲೆಕ್ಕ

ವೈದ್ಯಶಾಸ್ತ್ರದ ವಿಷಯದಲ್ಲಿ ಲೇಖನಿ ಹಿಡಿಯಲು ನನಗೆ ಅಧಿಕಾರವಿಲ್ಲ. ನಾನು ವಾಣಿಜ್ಯಶಾಸ್ತ್ರವನ್ನೋದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಆದರೂ ಹೃದಯ, ಮಧುಮೇಹ, ರಕ್ತದೊತ್ತಡಗಳಿಗೆ ನಮ್ಮ ಸ್ಮರಣ ಸಂಚಿಕೆಯಲ್ಲಿ ವರ್ಷವರ್ಷವೂ ಸ್ಥಳ ದೊರೆಯುತ್ತಿರುವಾಗ, ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯಕ್ಕೂ ಎರಡು ಪುಟ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಅದು ಮಕ್ಕಳ ಮೂತ್ರಾಂಗಗಳ ಶಸ್ತ್ರವೈದ್ಯ.

ಹನ್ನೊಂದು ವರ್ಷಗಳ ಹಿಂದೆ ಹೊಸೂರಿನ ಕಡೆಯ ಕನ್ನಡ ಕುಟುಂಬವೊಂದು ಏಳು ವರ್ಷದ ಬಾಲಕನೊಡನೆ ಚೆನ್ನೈಗೆ ಬಂದಿತ್ತು. ಸಹೋದ್ಯೋಗಿಯೊಬ್ಬರ ಕೋರಿಕೆಯಂತೆ ದುಭಾಷಿಯಾಗಿ ನೆರವಾಗಲು ನಾನು ಆಸ್ಪತ್ರೆಗೆ ಹೋದೆ. ಆ ತಾಯಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು! ತೊಡಕಾಗಿದ್ದುದು ಭಾಷೆಯಲ್ಲ, ಲಜ್ಜೆ. ಬಾಲಕನ ಮೂತ್ರದ್ವಾರವು ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿತ್ತು. ನಿಂತು ಮೂತ್ರ ಮಾಡಿದರೆ ಬಟ್ಟೆ ತೊಯ್ಯುವುದು. ಸಂಗಡಿಗರು ನೋಡಿ ನಕ್ಕಾರೆಂಬ ಭಯದಿಂದ ಅವನು ಶಾಲೆಗೆ ಹೋದ ದಿನ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟುತ್ತಿರಲಿಲ್ಲ. ಇಷ್ಟನ್ನು ತಾಯಿ ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ತಂದೆಯಂತೂ ಗೋಡೆಯನ್ನೇ ನೋಡುತ್ತ ಕುಳಿತಿದ್ದರು. ವೈದ್ಯರು ಅವಸರಪಡಿಸಲಿಲ್ಲ, ನಡುವೆ ಹುಡುಗನ ತರಗತಿ, ಅವನ ಊರಿನ ಕೆರೆ ಮೊದಲಾದುವನ್ನು ವಿಚಾರಿಸುತ್ತಿದ್ದರು.

ಈ ದೋಷಕ್ಕೆ ಹೈಪೋಸ್ಪೇಡಿಯಸ್ ಎಂದು ಹೆಸರು. ಸುಮಾರು 200ರಿಂದ 300 ಗಂಡುಶಿಶುಗಳಲ್ಲಿ ಒಂದಕ್ಕೆ ಇದು ಹುಟ್ಟಿನಿಂದಲೇ ಇರುತ್ತದೆ. ಎಂದರೆ ನಮ್ಮ ಸಂಘದಷ್ಟು ದೊಡ್ಡ ಸಮುದಾಯದಲ್ಲಿ ಇದು ಇಲ್ಲವೆನ್ನುವಂತಿಲ್ಲ. ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಇದನ್ನು ಸರಿಪಡಿಸುತ್ತಾರೆ. ಇಂಥ ಮಗುವಿಗೆ ಮುಂಚಿತವಾಗಿ ಸುನ್ನತಿ ಮಾಡಿಸಲೇಬಾರದು. ಏಕೆಂದರೆ ಮುಂದೊಗಲಿನ ಚರ್ಮವೇ ಹೊಸ ಮೂತ್ರನಾಳವನ್ನು ಕಟ್ಟಲು ವೈದ್ಯರಿಗೆ ಒದಗುವ ಸಾಮಗ್ರಿ.

ಆ ಚರ್ಮದ ಮಹತ್ವವನ್ನು ಜಗತ್ತಿಗೆ ತೋರಿಸಿದವರಲ್ಲಿ ಭಾರತೀಯರೊಬ್ಬರಿದ್ದಾರೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆಗ್ರಾದ ಡಾ. ಹರಿಶಂಕರ ಆಸೋಪಾ ಅವರು ಮುಂದೊಗಲನ್ನೇ ನಳಿಕೆಯಾಗಿಸಿ ಒಂದೇ ಹಂತದಲ್ಲಿ ಈ ದೋಷವನ್ನು ಸರಿಪಡಿಸುವ ವಿಧಾನವನ್ನು ತಮ್ಮ ಸಂಗಡಿಗರೊಡನೆ 1971ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಹಲವು ಮಕ್ಕಳು ಎರಡು ಮೂರು ಬಾರಿ ಶಸ್ತ್ರಕ್ರಿಯೆಗೆ ಒಳಗಾಗಬೇಕಾಗಿತ್ತು. ಮುಂದೆ 1980ರಲ್ಲಿ ಫಿಲಡೆಲ್ಫಿಯಾದ ಜಾನ್ ಡಕೆಟ್ ಅವರು ಇದೇ ಚರ್ಮವನ್ನು ಅದರ ರಕ್ತನಾಳಗಳೊಡನೆ ಸರಿಸಿ ಬಳಸುವ ಕ್ರಮವನ್ನು ವಿವರಿಸಿದರು. 1994ರಲ್ಲಿ ಸ್ನಾಡ್‌ಗ್ರಾಸ್ ಅವರ ಮತ್ತೊಂದು ವಿಧಾನ ಬಂದು ಬಹಳ ಪ್ರಚಾರ ಪಡೆಯಿತು. ಆಸೋಪಾ ಅವರು ಅಲ್ಲಿಗೇ ನಿಲ್ಲಲಿಲ್ಲ. ಮೂವತ್ತು ವರ್ಷಗಳ ತರುವಾಯ, 2001ರಲ್ಲಿ, ಕಿರಿದಾದ ಮೂತ್ರನಾಳವನ್ನು ಹಿಗ್ಗಿಸಲು ಅವರು ಪ್ರಕಟಿಸಿದ ಕ್ರಮವೂ ಅವರ ಹೆಸರಿನಿಂದಲೇ ರೂಢಿಯಲ್ಲಿದೆ. ನಾನು ಇದರಲ್ಲಿ ಮೆಚ್ಚುವುದು ಕೀರ್ತಿಯನ್ನಲ್ಲ. ಒಂದೇ ಬೆರಳಗಲದ ಜಾಗವನ್ನು ಒಬ್ಬ ಮನುಷ್ಯ ಮೂವತ್ತು ವರ್ಷ ಚಿಂತಿಸಿದನೆಂಬುದನ್ನು.

ಇನ್ನೊಂದು ಕಾಯಿಲೆ ಇದಕ್ಕಿಂತ ಅಪರೂಪ, ಆದರೆ ಘೋರ. 5000ದಿಂದ 8000 ಗಂಡುಶಿಶುಗಳಲ್ಲಿ ಒಂದಕ್ಕೆ ಮೂತ್ರಮಾರ್ಗದೊಳಗೆ ತೆಳುವಾದ ಪೊರೆಯೊಂದು ಕವಾಟದಂತೆ ಅಡ್ಡ ಬೆಳೆದಿರುತ್ತದೆ. ಬಾಲ್ಟಿಮೋರಿನ ಹ್ಯೂ ಹ್ಯಾಂಪ್ಟನ್ ಯಂಗ್ 1919ರಲ್ಲಿಯೇ ಇದನ್ನು ವರ್ಗೀಕರಿಸಿ ವಿವರಿಸಿದ್ದರು. ಇಂದು ಗರ್ಭಿಣಿಗೆ ಮಾಡುವ ಸ್ಕ್ಯಾನಿನಲ್ಲಿಯೇ ಅನೇಕ ವೇಳೆ ಇದರ ಸುಳಿವು ಸಿಗುತ್ತದೆ. ಪೊರೆಯನ್ನು ದುರ್ಬೀನಿನ ಮೂಲಕ ಕತ್ತರಿಸುವುದು ಅಲ್ಪಕಾಲದ ಕೆಲಸ. ಆದರೆ ಗರ್ಭದಲ್ಲಿಯೇ ಮೂತ್ರದ ಒತ್ತಡಕ್ಕೆ ಸಿಕ್ಕಿ ನೊಂದ ಮೂತ್ರಪಿಂಡ, ಮೂತ್ರಕೋಶಗಳು ಹತ್ತು ಹದಿನೈದು ವರ್ಷಗಳ ಮೇಲೂ ಸೋಲಬಹುದು. ಮಗು ಆಡಿಕೊಂಡಿರುವಾಗ ತಂದೆತಾಯಿಗಳು ತಪಾಸಣೆಯನ್ನು ಬಿಟ್ಟುಬಿಡುತ್ತಾರೆ, ಅಪಾಯವಿರುವುದು ಅಲ್ಲಿಯೇ.

ಬ್ಯಾಂಕಿನಲ್ಲಿ ಸಾಲ ಬಟವಾಡೆಯಾದ ದಿನ ಶಾಖೆಗೆ ಪ್ರಶಂಸೆ ಬರುತ್ತದೆ. ವಸೂಲಾಯಿತೇ ಇಲ್ಲವೇ ಎಂಬುದನ್ನು ನೋಡುವವನು ಮುಂದಿನ ಮ್ಯಾನೇಜರು. ಆಸ್ಪತ್ರೆಗಳಿಗೂ ಈ ಮಾತು ಸಲ್ಲುತ್ತದೆಂದು ನನಗೆ ತೋರುತ್ತದೆ. ಎಷ್ಟು ಶಸ್ತ್ರಕ್ರಿಯೆಗಳಾದುವೆಂದು ಜಾಹೀರಾತು ಹೇಳುತ್ತದೆ. ಅವರಲ್ಲಿ ಎಷ್ಟು ಮಕ್ಕಳು ಹತ್ತು ವರ್ಷದ ಮೇಲೆ ಮರಳಿ ಬಂದರು, ಹೇಗಿದ್ದರು ಎಂಬುದನ್ನು ಬರೆದಿಡುವ ವೈದ್ಯನೇ ಸಂಶೋಧಕನೂ ಹೌದು, ರೋಗಿಯ ಬಂಧುವೂ ಹೌದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಡೇವಿಡ್ ಇನ್ನೆಸ್ ವಿಲಿಯಮ್ಸ್ ಅವರಂಥವರು ಇದನ್ನು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದುದರ ಸಾರ್ಥಕತೆ ಇರುವುದೂ ಅದರಲ್ಲಿಯೇ.

ಸರ್ಕಾರದ ಬಗೆಗೂ ಒಂದು ಮಾತು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ಒಳ್ಳೆಯ ಯೋಜನೆ. ಅದರ ಮೂಲ ಪಟ್ಟಿಯಲ್ಲಿ 9 ಜನ್ಮದೋಷಗಳಿವೆ: ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ ಮುಂತಾದುವು. ಹೈಪೋಸ್ಪೇಡಿಯಸ್ ಅದರಲ್ಲಿಲ್ಲ. ಹೃದಯದ ದೋಷ ಪ್ರಾಣ ತೆಗೆಯುತ್ತದೆ, ಇದು ತೆಗೆಯುವುದಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಸೊಟ್ಟಪಾದವೂ ಪ್ರಾಣ ತೆಗೆಯುವುದಿಲ್ಲವಷ್ಟೆ. ಹೆರಿಗೆಮನೆಯ ದಾದಿ ಬರಿಗಣ್ಣಿನಿಂದ ನೋಡಿ ಕಂಡುಹಿಡಿಯಬಲ್ಲ, ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಪಟ್ಟಿಗೆ ಸೇರಿಸುವುದರಲ್ಲಿ ನಷ್ಟವೇನು? ವೃಷಣವು ಕೆಳಗಿಳಿದಿದೆಯೇ ಎಂಬುದನ್ನೂ ಅದೇ ಕೈ ಅದೇ ನಿಮಿಷದಲ್ಲಿ ನೋಡಬಹುದು.

ನಮ್ಮ ಸಂಘವೂ ಒಂದಷ್ಟು ಮಾಡಬಹುದು. ಗಡಿನಾಡಿನಿಂದ ಬರುವ ಇಂಥ ಕುಟುಂಬಗಳಿಗೆ ಎರಡು ದಿನದ ತಂಗುದಾಣ, ಮರುತಪಾಸಣೆಯ ದಿನವನ್ನು ನೆನಪಿಸುವ ಒಂದು ಕಾರ್ಡು. ಕಟ್ಟಡ ನಿಧಿಗಿಂತ ಇದಕ್ಕೆ ಬಹಳ ಕಡಿಮೆ ಹಣ ಸಾಕು.

ಹೊಸೂರಿನ ಆ ಹುಡುಗನಿಗೆ ಈಗ ಹದಿನೆಂಟು. ಮಕ್ಕಳ ವಿಭಾಗದ ವಯೋಮಿತಿ ದಾಟಿದುದರಿಂದ ಈ ಬೇಸಿಗೆಯಲ್ಲಿ ಅವನನ್ನು ದೊಡ್ಡವರ ವಿಭಾಗಕ್ಕೆ ಕಳುಹಿಸಿದರು. ಹನ್ನೊಂದು ವರ್ಷದ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವನೊಬ್ಬನೇ ಒಳಕ್ಕೆ ಹೋದನು.